ಪಾಳಿ

ಅಪ್ಪನ ಎಡಗೈ ಪಟ್ಟಾಕ್ಕ ಸಿಕ್ಕ ವರ್ಷ
ಗಿರಣಿಯ ಕೀಲಿ ನನ್ನ ಸೆರಗಿಗೆ ಬಂತು.
ಹಳೇ ಮೋಟರು, ಎರಡು ಕಲ್ಲು,
ಡಬ್ಬಿ ಇಡಲಾಕ ಪರ್ಸಿಯ ಕಟ್ಟಿ,
ಮತ್ತ ಯಾರೂ ಬರೆದಿಡದ ಒಂದು ಕಾನೂನು:
ಊರಿನ ಡಬ್ಬಿ ಮೊದಲು.
ಕೇರಿಯ ಡಬ್ಬಿ ಹೊತ್ತು ಮುಳುಗಿದ ಮ್ಯಾಲ,
ಅದೂ ಕರೆಂಟ್ ಇದ್ದರ.

ಹಿಟ್ಟು ಹಿಟ್ಟಿಗೆ ಕೂಡತದವ್ವ, ಅಂತಿದ್ದರು ಹಿರಿಯರು,
ಬ್ಯಾನಿ ಅಂಟತದ ಅಂದಂಗ.
ಕೂಡತದ, ಖರೇ.
ಕಲ್ಲಿನ ಹಲ್ಲಿನ್ಯಾಗ ಯಾವಾಗಲೂ
ಒಂದು ಹಿಡಿ ಉಳೀತದ,
ಮುಂದಿನವರ ಡಬ್ಬಿಗೆ ಮೊದಲು ಬೀಳೋದು ಅದೇ.

ಒಂದು ರಾತ್ರಿ ಕಲ್ಲು ಎತ್ತಿ ಟಾಕಿ ಹೊಡೆಯುವಾಗ
ತಟ್ಟನೆ ಹೊಳೀತು.
ರಾತ್ರಿಯ ಕಡೀ ಡಬ್ಬಿ ಕೇರಿಯವರದು,
ನಸುಕಿನ ಮೊದಲ ಡಬ್ಬಿ ಮಾಲಿಪಾಟೀಲರದು.
ಇಪ್ಪತ್ತೆರಡು ವರ್ಷ.
ಒಂದೊಂದು ಹಿಡಿ.
ಒಬ್ಬಾಕಿನೇ ನಕ್ಕೆ,
ಆಮ್ಯಾಲ ಹೆದರಿ ಬಾಯಿ ಮುಚಗೊಂಡೆ.
ಅಪ್ಪಗ ಹೇಳಿದರ ಉಳಿದ ಕೈಯಿಂದ ಗಡ್ಡ ಸವರಿ
"ಗೊತ್ತದ" ಅಂದ.

ಎಳ್ಳಮಾಸಿಯ ಹಿಂದಿನ ದಿನ
ಬಾಗಿಲು ತೆಗೀಲಾಕ ಬಂದರ ಇನ್ನೂ ಚುಕ್ಕಿ ಇದ್ದವು.
ಕಾಗಿಣಾ ದಂಡಿಯಿಂದ ಬರೋ ಥಂಡಿಗಾಳಿ.
ಕಟ್ಟಿ ಮ್ಯಾಲ ದುರ್ಗವ್ವನ ಮೊಮ್ಮಗಳು ಗೌತಮಿ,
ಸೇಡಂ ಕಾಲೇಜಿಗೆ ಹೋಗೋ ಹುಡುಗಿ,
ಕೌದಿಯೊಳಗ ಅರ್ಧ ನಿದ್ದಿ,
ತೊಡಿಗೆ ಒತ್ತಿ ಹಿಡಿದ ಸಜ್ಜಿಯ ಡಬ್ಬಿ.
"ಇವತ್ತ ನಂದೇ ಮೊದಲ ಪಾಳಿ, ಅಕ್ಕ."
ಕೇಳಲಿಲ್ಲ ಆಕಿ. ಹೇಳಿದಳು.

ಬೆಳಕು ಹರಿಯೋದರೊಳಗ ಕಟ್ಟಿ ತುಂಬಿತು.
ಅದನ್ನ ಬಾಜೂಕ ಸರಸು, ಅಂತ ಒಬ್ಬರು.
"ಜಾಗಾ ಪಂಚಾಯ್ತಿದು, ಮಾಬೂಬಿ,
ಬಾಡಿಗಿ ಚೀಟಿ ಮಾರ್ಚಿಗೆ ಮುಗೀತದ, ನೆನಪದ ಏನು?"
ನಗುತ್ತಲೇ ಕೇಳಿದರು ಇನ್ನೊಬ್ಬರು.

ಆ ಹಿಡಿಯ ಮಾತು ನಾಲಿಗಿ ತುದಿಗೆ ಬಂದಿತ್ತು.
ಆಡಿದ್ದರ ಇಡೀ ಊರು ಬಿಕ್ಕತಿತ್ತು.
ಆದರ ಈ ಹುಡುಗಿ ಚಳ್ಯಾಗ ಕುಂತದ್ದು
ಹಿಟ್ಟು ಎಂದೋ ಕೂಡ್ಯಾವ ಅಂತಲ್ಲ.
ಆಕಿ ಮೊದಲು ಬಂದಾಳ.
ಅಷ್ಟಕ್ಕ ಮತ್ತೊಂದು ಸಾಕ್ಷಿ ಯಾಕ ಬೇಕು?

ಸುಣ್ಣದ ಕಡ್ಡಿ ತಗೊಂಡು
ಆಕಿ ಡಬ್ಬಿ ಮ್ಯಾಲ ಒಂದು ಅಂತ ಬರದೆ.
ಮಾಲಿಪಾಟೀಲರದಕ್ಕ ಏಳು.
ಕೈ ನಡುಗಿ ಏಳು ಸೊಟ್ಟಾತು.
ಮೋಟರು ಚಾಲೂ ಮಾಡಿದೆ.
ಅಂದದ್ದೆಲ್ಲ ಆ ಸದ್ದಿನ್ಯಾಗ ಬಿದ್ದು
ನುಣ್ಣಗ ಬೀಸಿ ಹೋತು.

ಎದ್ದ ಡಬ್ಬಿಗಳು ಟಂಟಂ ಹತ್ತಿ ಬಾಜೂರಿಗೆ ಹೋದವು.
ಹನ್ನೊಂದು ದಿನ, ಮಧ್ಯಾಹ್ನಕ್ಕೇ ಕಲ್ಲು ತಣ್ಣಗ.
ಅಪ್ಪ ಏನೂ ಅನಲಿಲ್ಲ, ಚಾ ಮಾತ್ರ ಕಮ್ಮಿ ಮಾಡಿದ.
ಹನ್ನೆರಡನೇ ದಿನ ಗುಂಡಮ್ಮಾಯಿ ಬಂದಳು, ಹಲ್ಲಿಲ್ಲದಾಕಿ:
"ಆ ಊರಾಗ ದಪ್ಪ ಬೀಸತಾರ, ರೊಟ್ಟಿ ಒಡೀತದ.
ಎಷ್ಟನೇ ಪಾಳಿನರೇ ಇರಲಿ, ನೀ ಸಣ್ಣಗ ಬೀಸು."
ನಾಕು ಅಂತ ಬರದೆ.
ಅದರ ಮ್ಯಾಲ ಕೈಯಾಡಿಸಿ ನೋಡಿದಳು,
ಓದಲಾಕ ಬರದಾಕಿ.

ಎಲ್ಲರೂ ಬಂದಿಲ್ಲ.
ಮಾಲಿಪಾಟೀಲರು ಮನ್ಯಾಗೇ ಸಣ್ಣ ಮಿಷನ್ ಇಟ್ಟಾರಂತ.
ಬಾಡಿಗಿ ಚೀಟಿ ಇನ್ನೂ ಯಾವುದೋ ಮೇಜಿನ ಮ್ಯಾಲದ,
ಅರ್ಜಿ ಬರದುಕೊಟ್ಟಾಕಿ ಗೌತಮಿ,
ಕೆಳಗ ಹದಿನೇಳು ಸಹಿ, ಆರು ಹೆಬ್ಬಟ್ಟು.

ಇವತ್ತ ನಮ್ಮ ಮನಿಯ ಜ್ವಾಳ ತಂದಿದ್ದೆ.
ಗೌತಮಿಯ ತಮ್ಮ ನನ್ನ ಕೈಯಾಗಿನ ಸುಣ್ಣ ಕಸಗೊಂಡು
ನನ್ನ ಡಬ್ಬಿ ಮ್ಯಾಲ
ಹದಿಮೂರು ಅಂತ ಬರದ.
ಕುಂತೀನಿ.