ಹದಿನಾರು ಕಡ್ಡಿ

ಶುವೈಖಿನ ಶೆಡ್ಡಿನಲ್ಲಿ ನನ್ನನ್ನು ಹುಲು ಅಂತಾರೆ.
ಹುಲುಗಪ್ಪ ಅನ್ನಲು ಅವರ ನಾಲಿಗೆಗೆ ಪುರುಸೊತ್ತಿಲ್ಲ.
ಅರಬ್ಬಿಯಲ್ಲಿ ಅದಕ್ಕೆ ಸಿಹಿ ಅಂತ ಅರ್ಥವಂತೆ.
ನಮ್ಮ ಮಾತಿನಲ್ಲಿ ಏನೆಂದು ನಾನು ಹೇಳಿಲ್ಲ.

ದುವೈಜ್ ಬಂದ. ಬಿಳಿ ಲುಮಿನಾ, ಮುಖಕ್ಕೆ ಹೊಸ ಮೀಸೆ.
ಡಿಕ್ಕಿಯಲ್ಲಿ ಕಂಬಳಿ ಸುತ್ತಿದ ಕ್ಯಾಮ್‌ಶಾಫ್ಟು,
ಬಾಣಂತಿ ಕೋಣೆಯಿಂದ ಕೂಸು ತಂದ ಹಾಗೆ ಎತ್ತಿ ಕೊಟ್ಟ.
ಉಬ್ಬು ದೊಡ್ಡದು, ಲಿಫ್ಟು ಜಾಸ್ತಿ, ಜೋಡಿ ಸ್ಪ್ರಿಂಗು.
"ಪುಶ್‌ರಾಡು ಮಾತ್ರ ಹಳೆಯವೇ ಇರಲಿ ಹುಲು,
ದುಡ್ಡು ಮುಗಿಯಿತು."

ಮುಗಿಯುವುದು ಯಾವಾಗಲೂ ಅಲ್ಲೇ,
ಕಣ್ಣಿಗೆ ಕಾಣದ ಸಾಮಾನಿನ ಹತ್ತಿರ.

ಸಂಜೆ ಎದುರಿನ ಚಾ ಅಂಗಡಿಯ ಗಾಜಿನ ಮೇಜಿನ ಮೇಲೆ
ಒಂದೊಂದನ್ನೇ ಉರುಳಿಸಿದೆ.
ನೆಟ್ಟಗಿದ್ದದ್ದು ಸದ್ದಿಲ್ಲದೆ ಹೋಗುತ್ತದೆ,
ಸೊಟ್ಟಗಿದ್ದದ್ದು ಟರ್ರ್ ಅನ್ನುತ್ತದೆ.
ಹದಿನಾರೂ ಸುಮ್ಮನೆ ಹೋದವು.
ಚಾದವನು ಕೇಳಿದ: ಜಾತಕ ನೋಡ್ತಿದ್ದೀಯೇನು?

ಸೀದಿ ಬ್ಯಾರಿ, ನಮ್ಮ ಉಸ್ತಾದ, ಸಕ್ಕರೆ ಕಲಕುತ್ತ ಹೇಳಿದ:
"ಹಳೆಯದೇ ಹಾಕು ಮಾರಾಯ.
ಗೇರು ತಪ್ಪಿತು, ವಾಲ್ವು ಪಿಸ್ಟನ್ನಿಗೆ ಬಡಿಯಿತು ಅಂತಿಟ್ಟುಕೋ,
ಏನಾದರೊಂದು ಬಗ್ಗಲೇಬೇಕಲ್ಲ?
ಎರಡು ದಿನಾರಿನದು ಬಗ್ಗಲಿ, ಇನ್ನೂರರದು ಉಳಿಯಲಿ.
ಮನೆಗೆ ಫ್ಯೂಸು ಯಾಕೆ ಹಾಕ್ತಾರೆ?"

ನಾನೆಂದೆ: "ಮಲಗಿದ ಕಡ್ಡಿ ನೆಟ್ಟಗಿರುವುದು ಬೇರೆ,
ಓಡುವ ಕಡ್ಡಿ ನೆಟ್ಟಗಿರುವುದು ಬೇರೆ, ಉಸ್ತಾದ.
ಆರು ಸಾವಿರ ಸುತ್ತಿನಲ್ಲಿ, ಆ ಸ್ಪ್ರಿಂಗಿನ ಕೆಳಗೆ,
ಇದು ಬಿಲ್ಲಾಗುತ್ತದೆ. ಬಿಟ್ಟ ಬಿಲ್ಲು ವಾಲ್ವನ್ನು ಎಸೆಯುತ್ತದೆ.
ಕ್ಯಾಮು ಹೇಳಿದ್ದೊಂದು, ವಾಲ್ವು ಕೇಳಿಸಿಕೊಂಡಿದ್ದೊಂದು.
ದಪ್ಪ ಗೋಡೆಯದು ತುಸು ತೂಕ, ಇರಲಿ,
ಈ ಕಡೆಯ ತೂಕಕ್ಕೆ ಇಂಜಿನು ಅಷ್ಟಾಗಿ ಅಳುವುದಿಲ್ಲ."

ಹೊಸಪೇಟೆಯಲ್ಲಿ, ಅದಿರು ಲಾರಿಗಳ ಕಾಲದಲ್ಲಿ,
ಬಗ್ಗಿದ ರಾಡನ್ನು ರೈಲು ಹಳಿಯ ತುಂಡಿನ ಮೇಲಿಟ್ಟು
ಬಡಿದು ನೆಟ್ಟಗೆ ಮಾಡಿ ಹಾಕಿದವನು ನಾನೇ.
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಅವ್ವ ಬೈಯುತ್ತಿದ್ದಳು.
ಬಗ್ಗದ್ದಕ್ಕೇ ಇಲ್ಲಿ ಬೆಲೆ ಜಾಸ್ತಿ ಅಂತ
ಅವಳಿಗಿನ್ನೂ ಬರೆದಿಲ್ಲ.

ಮಾರನೆ ದಿನ ಅಳತೆಯ ಕಡ್ಡಿ ಇಳಿಸಿದೆ, ತಿರುವಿದರೆ ಉದ್ದವಾಗುವಂಥದ್ದು.
ರಾಕರಿನ ಅಲುಗಾಟ ಬೆರಳ ತುದಿಯಲ್ಲಿ ನಿಲ್ಲುವ ತನಕ ತಿರುವಿದೆ.
ಇದಕ್ಕೆ ಕಣ್ಣು ಬೇಡ. ಉಸಿರು ಹಿಡಿಯಬೇಕು, ಅಷ್ಟೆ.
ಹೆಡ್ಡನ್ನು ಯಾರೋ ಹಿಂದೆಯೇ ಮಸೆದಿದ್ದಾರೆ,
ಕಾರು ಮಾರಿದವನು ಹುಡುಗನಿಗೆ ಹೇಳಿಲ್ಲ.
ಹಳೆಯ ರಾಡು ಐವತ್ತು ಥೌ ಉದ್ದ:
ನಾಲ್ಕು ಮದುವೆ ಕಾಗದ ಒಟ್ಟಿಗಿಟ್ಟಷ್ಟು.
ಅಲ್ಲಿಗೆ ಬ್ಯಾರಿಯದೂ ನನ್ನದೂ ಜಗಳ ನೀರಾಯಿತು.
ಬಲ ಆಮೇಲೆ. ಮೊದಲು ಉದ್ದ.

"ಸರಿಯಾದದ್ದು ಅಮೆರಿಕದಿಂದ ಬರಬೇಕು, ಹದಿನೈದು ದಿನ."
"ಶುಕ್ರವಾರ ಓಟ ಇದೆ."
"ಶುಕ್ರವಾರ ವಾರವಾರವೂ ಬರುತ್ತದೆ" ಅಂದೆ,
ನನ್ನ ಹರುಕು ಅರಬ್ಬಿಯಲ್ಲಿ ಅದು ಒರಟಾಗಿ ಕೇಳಿಸಿರಬೇಕು.
ಸಾಮಾನೆಲ್ಲ ಕಟ್ಟಿಕೊಂಡು ಪಕ್ಕದ ಶೆಡ್ಡಿಗೆ ಹೋದ.

ಶನಿವಾರ, ಸಾಲ್ಮಿ ರಸ್ತೆಯ ಕಡೆಯಿಂದ,
ಲಾರಿಯ ಬೆನ್ನೇರಿ ಬಂತು ಲುಮಿನಾ. ಪಕ್ಕದ ಶೆಡ್ಡು ಬಾಗಿಲೆಳೆದಿತ್ತು.
ಕವರು ತೆಗೆದೆ. ಹದಿನೈದು ಇದ್ದ ಹಾಗೇ. ಆರನೆಯದು ಬಿಲ್ಲು.
ಕ್ಯಾಮೆರಾ ಇಳಿಸಿದರೆ ಪಿಸ್ಟನ್ನಿನ ನೆತ್ತಿಯಲ್ಲಿ
ಉಗುರು ಒತ್ತಿದಷ್ಟು ಗುರುತು. ವಾಲ್ವಿಗೆ ಏನೂ ಆಗಿರಲಿಲ್ಲ.
ಬ್ಯಾರಿ ನೋಡಿದ. ನನ್ನನ್ನೂ ನೋಡಿದ.
ಒಂದು ಮಾತೂ ಆಡಲಿಲ್ಲ; ಆಡಿದ್ದರೆ ವಾಸಿಯಿತ್ತು.
ದುವೈಜ್ ಟಯರಿನ ರಾಶಿಯ ಮೇಲೆ ಕೂತಿದ್ದ,
ಯಾಕೋ ಮೀಸೆ ಬೋಳಿಸಿದ್ದ.
"ತರಿಸು" ಅಂದ.

ತರಿಸಿದೆ ಹದಿನಾರೂ, ದಪ್ಪ ಗೋಡೆ, ಅಳೆದ ಉದ್ದ.
ಬಗ್ಗಿದ್ದೊಂದನ್ನು ಕೇಳಿ ಇಸಕೊಂಡೆ.

ಜಲೀಬಿನ ರೂಮಿನ ಕಿಟಕಿಗೆ ಚಿಲಕವಿರಲಿಲ್ಲ.
ಕೊಂಡಿಗೆ ಅದನ್ನೇ ಸಿಕ್ಕಿಸಿದ್ದೇನೆ,
ಆ ಬಾಗು ಹೇಳಿ ಮಾಡಿಸಿದ ಹಾಗೆ ಕೂತಿದೆ.
ರಾತ್ರಿ ಧೂಳುಗಾಳಿ ಎದ್ದು ಕಿಟಕಿ ನೂಕಿದರೆ
ಟಕಟಕ ಅನ್ನುತ್ತದೆ.
ಮಲಗಿದಲ್ಲೇ ಸುತ್ತು ಎಣಿಸುತ್ತೇನೆ:
ಇದು ಎಂಟುನೂರು, ಐಡಲ್.
ಇದು ಎರಡು ಸಾವಿರ.