ಮೂರು ಮೊಳ ನೀರು

ಬೈತಖೋಲದ ಗೋಡೆಗೆ ಕಟ್ಟಿದ್ದ ಬಿಳಿ ದೋಣಿಯನ್ನು
ದಲ್ಲಾಳಿ ಬಾಯಿ ತೆರೆಯುವ ಮೊದಲೇ
ಶೇವಂತಿ ಹೊಗಳಲು ಶುರುಮಾಡಿದಳು.
ನಲವತ್ತೊಂದು ಅಡಿ. ಕೂರಿಗತ್ತಿಯಂಥ ಮೂತಿ.
ಗಾಳಿಯ ಮುಖಕ್ಕೇ ಮುಖ ಕೊಟ್ಟು ಹೋಗುತ್ತದಂತೆ.

ನಾನು ಕೇಳಿದ್ದು ಒಂದೇ: ನೀರಿನೊಳಗೆ ಎಷ್ಟಿದೆ?
'ಆರೂವರೆ ಅಡಿ' ಎಂದ ದಲ್ಲಾಳಿ, ಹೆಮ್ಮೆಯಿಂದ.
ನಾನು ಚೀಲದ ಜಿಪ್ ಎಳೆದೆ.

ಮೂವತ್ತೊಂದು ವರ್ಷ ಬಂದರು ಕಚೇರಿಯಲ್ಲಿ
ಭರತ ಇಳಿತ ಬರೆದ ಕೈ ಇದು.
ಅಮಾವಾಸ್ಯೆಯ ಇಳಿತಕ್ಕೆ ಕಾಳಿಯ ಅಳಿವೆಯಲ್ಲಿ
ಮರಳಿನ ಮೇಲೆ ಎಷ್ಟು ನೀರು ಉಳಿಯುತ್ತದೆಂದು
ನಿದ್ದೆಯಲ್ಲಿ ಕೇಳಿದರೂ ಹೇಳಿಯೇನು:
ಮೂರು ಮೊಳ. ಕೆಲವು ವರ್ಷ ಅದೂ ಇಲ್ಲ.

'ನಾವು ಹೊರಟದ್ದು ಮಿನಿಕಾಯ್‌ಗೆ, ಅಲ್ಲಿಂದ ಮಾಲೆಗೆ,
ದೇವರು ಕೊಟ್ಟರೆ ಸೇಶಲ್ಸ್‌ಗೆ.
ನೀನು ಸದಾಶಿವಗಡದ ಬುಡದ ಕೆಸರು ಅಳೀತಾ ಕೂತಿದ್ದೀ'
ಎಂದಳು ತಂಗಿ, ಸೇತುವೆ ದಾಟುವವರೆಗೂ.
ಹೋಗುವವರಿಗೆ ಆಳ ಬೇಕು, ನಿಜ.
ಬರುವವರಿಗೆ?
ಅದನ್ನು ನಾನು ಆಟೋದಲ್ಲಿ ಕೇಳಲಿಲ್ಲ.

ದುಡ್ಡು ಅಪ್ಪನ ಐಸ್ ಕಾರ್ಖಾನೆಯದು.
ಅದರ ಸಲುವಾಗಿಯೇ ನಾವಿಬ್ಬರೂ
ಹನ್ನೊಂದು ವರ್ಷ ಮಾತು ಬಿಟ್ಟಿದ್ದು.
ಮಾರಿದ ಮೇಲೆ ಜಗಳಕ್ಕೆ ಜಾಗ ಉಳಿಯಲಿಲ್ಲ.
ಸಮುದ್ರದ ಮಾತು ಎತ್ತಿದವಳು ಅವಳು.
ಹೂಂ ಎಂದವಳು ನಾನು, ಯಾಕೆಂದು ಈಗಲೂ ತಿಳಿಯದು.

ಕೋಡಿಬಾಗದ ಹಿನ್ನೀರಲ್ಲಿ ಇನ್ನೊಂದಿತ್ತು.
ಹಸಿರು, ಉಕ್ಕಿನದು, ಮೂವತ್ಮೂರು ಅಡಿ,
ಹೊಟ್ಟೆ ತುಂಬಿದ ಎಮ್ಮೆಯ ನಿಲುವು.
ಅಡಿಯಲ್ಲಿ ಜೋಡಿ ಕೀಲು. ಮೂರು ಮೊಳಕ್ಕೆ ನಾಲ್ಕು ಬೆರಳು ಕಮ್ಮಿ.
ಹೊನ್ನಾವರದಿಂದ ಬಂದ ಲಂಬೋದರ ಮೇಸ್ತ
ಹಲಸಿನಹಣ್ಣಿಗೆ ಬಡಿದಂತೆ ಸುತ್ತಲೂ ಬಡಿದು ಕೇಳಿದ.
ಮೂರು ಕಡೆ ಸದ್ದು ಬೇರೆ ಬಂತು.
'ಕತ್ತರಿಸಿ ತೇಪೆ ಹಾಕ್ಬೇಕು, ಮಳೆಗೆ ಮುಂಚೆ.
ಓಡೂದರ ಬಗ್ಗೆ ಎಂತ ಕೇಳಬೇಡಿ.
ಇದು ನಡೀತದೆ.'

ಒಳಗೆ ಡೀಸೆಲ್ಲು, ಹಳೆಯ ಲವಂಗ.
ಮೊದಲು ಇದ್ದವರು ಯಾರೋ ಏನೋ,
ಹಿಡಿಗಳೆಲ್ಲ ಬಲಗಡೆಗೇ ಇವೆ, ಅದೂ ಕೆಳಗೆ.
ಒಬ್ಬರಿಗೆ ಎಡಗೈ ಸೋತಿತ್ತೇನೋ.
ಮೆಟ್ಟಿಲಿಗೆ ನಡುವೆ ಅರ್ಧ ಮೆಟ್ಟಿಲು ಸೇರಿಸಿದ್ದಾರೆ:
ನನ್ನ ಮಂಡಿ ಅದನ್ನು ಕೇಳದೆಯೇ ಗುರುತಿಸಿತು.
ನೀರಿನ ಟಾಕಿ ಇಬ್ಬರಿಗೆ ನಲವತ್ತು ದಿನ,
ತಲೆ ತೊಳೆಯದಿದ್ದರೆ.
ದೊಡ್ಡ ಹಾಯಿ ಒಬ್ಬಳೇ ಏರಿಸಿ ಇಳಿಸಬಹುದು.
ಶೇವಂತಿ ಏರಿಸಿದಳು, ಇಳಿಸಿದಳು,
ಅಂಗೈ ನೋಡಿಕೊಂಡಳು. ಏನೂ ಅನ್ನಲಿಲ್ಲ.

ಆಮೇಲೆ ನಿಧಾನಕ್ಕೆ ಅಂದಳು:
'ಬಿಳಿಯದರಲ್ಲಿ ಎರಡು ಕೋಣೆ ಇತ್ತು, ಅಕ್ಕ.
ಎರಡಕ್ಕೂ ಚಿಲಕ.'

ಇಲ್ಲಿ ಕೋಣೆಯೇ ಒಂದು. ಬಾಗಿಲಿಲ್ಲ.
ಮಲಗುವ ಹಲಗೆ ಎರಡು, ನಡುವೆ ಕೈಯಳತೆ.
ನಾಲ್ಕು ತಾಸು ಅವಳ ಎಚ್ಚರ, ನಾಲ್ಕು ತಾಸು ನನ್ನದು,
ಒಬ್ಬಳ ಬೆಚ್ಚನೆಯ ಹೊದಿಕೆಗೆ ಇನ್ನೊಬ್ಬಳು.
ಮುನಿಸಿಕೊಂಡರೆ ಹೋಗಿ ಕೂರಲು
ಕೂವೆಮರದ ಬುಡ ಬಿಟ್ಟರೆ ಎಡೆಯೇ ಇಲ್ಲ.
ಹೀಗೂ ದೋಣಿ ಅಳೆಯಬೇಕಾಗುತ್ತದೆಂದು
ನನ್ನ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಮಾತಿನ ನಡುವೆ ಇಳಿತ ನಮ್ಮನ್ನು ಬಿಟ್ಟು ಹೋಗಿತ್ತು.
ಮೇಸ್ತ ಯಾವಾಗಲೋ ಕೆಸರಲ್ಲಿ ನಡೆದು ಚಹಾಕ್ಕೆ ಹೋಗಿದ್ದ.
ಹಸಿರು ದೋಣಿ ಎರಡು ಕೀಲಿನ ಮೇಲೆ
ಗೋಡೆಯ, ಊರುಗೋಲಿನ ಹಂಗಿಲ್ಲದೆ ನೆಟ್ಟಗೆ ನಿಂತಿತ್ತು.
ಇಳಿದರೆ ಸೊಂಟದವರೆಗೆ ಹೂಳು.
ನಾನು ಮನಸ್ಸಿನಲ್ಲೇ ತಿಥಿ ಎಣಿಸಿದೆ.
'ತೇಲಲು ಇನ್ನೂ ಮೂರು ತಾಸು, ನಲವತ್ತು ನಿಮಿಷ.'

ಶೇವಂತಿ ಗಡಿಯಾರ ನೋಡಲಿಲ್ಲ.
ಚಪ್ಪಲಿ ಬಿಚ್ಚಿ ಎಡಗಡೆಯ ಹಲಗೆಯ ಮೇಲೆ ಉದ್ದಕ್ಕೆ ಮಲಗಿ
'ನೀರು ಬಂದಾಗ ಎಬ್ಬಿಸು' ಎಂದಳು.