ಜೋಡು

ದೇಗಲೂರು ಬಸ್ ಸ್ಟ್ಯಾಂಡಿನ ಹಿಂದೆ, ಮರಾಠಿ ಬೋರ್ಡಿನ ಕೆಳಗೆ
ನನ್ನ ಗೋಣಿತಟ್ಟು, ಅಡಿಗಲ್ಲು, ಅಪ್ಪ ಘಾಳೆಪ್ಪನ ರಂಪಿ.
ಗಿರಾಕಿ ತೆಲುಗಿನಲ್ಲಿ ಬೈದರೆ ತೆಲುಗಿನಲ್ಲೇ ಕೇಳಿಸಿಕೊಳ್ಳುತ್ತೇನೆ.
ರೊಕ್ಕ ಎಣಿಸುವುದು ಮಾತ್ರ ಕನ್ನಡದಲ್ಲಿ.

ಅವತ್ತು ಬೀದರಿನ ನಾನಕ ಝೀರಾದಿಂದ
ನಾಂದೇಡಿಗೆ ಹೊರಟಿದ್ದ ಯಾತ್ರೆಯ ಬಸ್ಸು
ಚಹದಂಗಡಿ ಎದುರು ಹೊಗೆ ಕಾರಿ ನಿಂತಿತು.
ಇಳಿದವರಲ್ಲಿ ಒಬ್ಬ, ಬಾಗಿಲಿನಷ್ಟು ಎತ್ತರದವ,
ಹಸಿರು ಪಗಡಿ, ಬೆಳ್ಳನೆ ಗಡ್ಡ, ಕೈಯಲ್ಲಿ ಹರಿದ ಅಂಗುಷ್ಟದ ಚಪ್ಪಲಿ.
ಹೆಸರು ಬಲಕಾರ್ ಸಿಂಗ್. ಇರುವುದು ಕ್ಯಾಲಿಫೋರ್ನಿಯಾ.
ಊರಿನ ಹೆಸರು ಎರಡು ಸಲ ಹೇಳಿದ,
ನನ್ನ ನಾಲಿಗೆಗೆ ಅಂಟಲಿಲ್ಲ.

ಅವನದು ಹಿಂದಿ, ನನ್ನದು ದಖನಿ, ನಡುವೆ ಮೇಣದ ದಾರ.
ನೂರೆಂಟು ಎಕರೆ ಬಾದಾಮಿ ತೋಟವಂತೆ.
ಊರ ಗುರುದ್ವಾರ ಮೊದಲು ಹಣ್ಣು ತುಂಬುವ ಶೆಡ್ಡಾಗಿತ್ತಂತೆ,
ಈಗಲೂ ಮಳೆ ಬಂದರೆ ಗೋಡೆಯಿಂದ
ಪೇರುಹಣ್ಣಿನ ವಾಸನೆ ಬರುತ್ತದಂತೆ.
ರವಿವಾರ ದೊಡ್ಡ ದೊಡ್ಡ ಟ್ರಕ್ಕುಗಳು ಹೊರಗೆ ಸಾಲು ನಿಂತು,
ತೋಟದ ಕೂಲಿಗೆ ಬರುವ ಮೆಕ್ಸಿಕೋ ಹೆಂಗಸರೂ
ತಲೆಗೆ ಸೆರಗು ಕಟ್ಟಿ ರೊಟ್ಟಿ ಬಡಿಯುತ್ತಾರಂತೆ,
ಅವರ ರೊಟ್ಟಿಯೇ ಹೆಚ್ಚು ದುಂಡಗೆ.
‘ಮತ್ತೆ ನೀವು?’ ಅಂದೆ.
‘ನಾನು ಜೋಡಾ ಘರ್‌ದಲ್ಲಿ.’

ಜೋಡಾ ಅಂದ. ನಮ್ಮಲ್ಲೂ ಜೋಡೇ.
ಆರು ಸಾವಿರ ಕೋಸು ದಾಟಿಯೂ ಸವೆಯದ ಶಬ್ದ.

ಹದಿನೇಳು ವರ್ಷದಿಂದ ಜೋಡು ಇಸಿದುಕೊಂಡು,
ಧೂಳು ಒರೆಸಿ, ನಂಬರು ಕೊಟ್ಟು, ಮರಳಿಸುತ್ತಾನಂತೆ.
ನರ್ಸಿನ ಬಿಳಿ ಬೂಟು, ನಡೆದರೆ ದೀಪ ಹತ್ತುವ ಮಕ್ಕಳದು,
ಹೊಸ ಮದುಮಗನ ಜರಿಯ ಮೋಜಡಿ.
‘ಎಡಗಾಲಿನ ಅಟ್ಟೆ ಮುಂದೆ ಸವೆದಿದ್ದರೆ...’ ಎಂದು ಅವನು ಶುರು ಮಾಡಿದ,
‘ಕ್ಲಚ್ಚು ಒತ್ತುವವ’ ಎಂದು ನಾನು ಮುಗಿಸಿದೆ.
ಇಬ್ಬರೂ ನಕ್ಕೆವು. ಆ ನಗೆ ಖರೆ ಇತ್ತು.

ಆಮೇಲೆ ಅವನು ನನ್ನ ರಾಶಿಯಿಂದ
ಯಾರದೋ ಕೆಸರು ಮೆತ್ತಿದ ಬೂಟೊಂದನ್ನು ಎತ್ತಿ
ತೊಡೆಯ ಮೇಲಿಟ್ಟು ತಿಕ್ಕತೊಡಗಿದ.
‘ಬಿಡ್ರಿ, ಅದು ನನ್ನ ಕೆಲಸ.’
‘ಸೇವಾ’ ಅಂದ.
‘ನಿಮಗ ರವಿವಾರ, ಸರದಾರಜಿ.
ನನಗ ಏಳೂ ವಾರ.’

ಬ್ರಶ್ಶು ನಿಂತಿತು.
ಎಂಜಿನ್ನಿನೊಳಗೆ ಯಾರೋ ಸುತ್ತಿಗೆಯಿಂದ ಬಡಿಯುತ್ತಿದ್ದರು.

ಹೇಳಬಾರದಿತ್ತೋ ಏನೋ. ಹೇಳಿಬಿಟ್ಟೆ:
ನಮ್ಮೂರ ಗುಡಿಯಲ್ಲಿ ಜನ ಚಪ್ಪಲಿ ಕಳಚುವ ಜಾಗದವರೆಗೇ
ನಮ್ಮಪ್ಪನಿಗೆ ಪರವಾನಗಿ.
ದೇವರ ಮುಖ ಅವನು ನೋಡಲಿಲ್ಲ,
ನೋಡಿದವರ ಹಿಮ್ಮಡಿ ನೋಡಿದ.

ಬಲಕಾರ್ ಸಿಂಗ್ ಉತ್ತರ ಹುಡುಕಲಿಲ್ಲ.
ಬೂಟು ಕೆಳಗಿಟ್ಟ. ಗೋಣಿತಟ್ಟಿನ ಧೂಳು
ಬೆರಳಿಗೆ ತಾಗಿಸಿ ಹಣೆಗೆ ಒತ್ತಿಕೊಂಡ.
ನನಗೆ ಸಿಟ್ಟು ಬಂತು. ಏಕೆಂದು ಇವತ್ತಿಗೂ ಗೊತ್ತಿಲ್ಲ.
ಅಂಗುಷ್ಟಕ್ಕೆ ಇಪ್ಪತ್ತು. ಐನೂರು ಕೊಟ್ಟ.
ನಾನೂರಾ ಎಂಬತ್ತು ಎಣಿಸಿ ಅವನ ಅಂಗೈಯಲ್ಲಿಟ್ಟೆ, ಕನ್ನಡದಲ್ಲಿ.

ಬಸ್ಸು ಹೋಯಿತು.

ಮಾಘದಲ್ಲಿ ಒಂದು ದಿನ, ಹೆಂಡತಿಗೂ ಹೇಳದೆ, ನಾಂದೇಡಿಗೆ ಹೋದೆ.
ಜೋಡಿನ ಕಿಟಕಿಯಲ್ಲಿ ಹದಿನಾರರ ಹುಡುಗ, ಮೀಸೆ ಈಗಷ್ಟೇ.
ನನ್ನ ಚಪ್ಪಲಿ ಕೊಡಲು ನಾಚಿಕೆ ಆಯಿತು:
ಊರಿಗೆಲ್ಲ ಹೊಲಿಯುವವನ ಕಾಲಲ್ಲಿ
ಹರಕು, ಒಂದಕ್ಕೆ ಮೊಳೆ, ಇನ್ನೊಂದಕ್ಕೆ ತಂತಿ.
ಹುಡುಗ ಎರಡೂ ಕೈಯಲ್ಲಿ ತೆಗೆದುಕೊಂಡ,
ಹಸುಗೂಸು ತೆಗೆದುಕೊಂಡ ಹಾಗೆ.
ಹಿತ್ತಾಳೆಯ ಬಿಲ್ಲೆ ಕೊಟ್ಟ. ಇನ್ನೂರಾ ಹದಿನಾಲ್ಕು.

ಒಳಗೆ ಹೋದೆ. ಯಾರೂ ಕುಲ ಕೇಳಲಿಲ್ಲ,
ನಾನೇ ಎರಡು ಸಲ ಹಿಂದೆ ತಿರುಗಿ ನೋಡಿದೆ.
ಪಂಗತಿಯಲ್ಲಿ ಕೂತೆ. ಬೇಳೆ ಬಿಸಿ ಇತ್ತು.
ರೊಟ್ಟಿಗೆ ಎರಡೂ ಕೈ ಚಾಚಬೇಕಂತೆ.
ಒಂದು ಮುಷ್ಟಿಯಲ್ಲಿ ಬಿಲ್ಲೆ ಹಿಡಿದೇ ಚಾಚಿದೆ.

ಹೊರಬಂದಾಗ ಹುಡುಗ ನಂಬರು ಕೇಳಲೇ ಇಲ್ಲ.
ಕಾಲು ನೋಡಿದ, ಸೀದಾ ಹೋಗಿ ಅವೇ ತಂದ.
ಒರೆಸಿದ್ದ. ತಂತಿಯ ತುದಿ ಒಳಕ್ಕೆ ಮಡಚಿದ್ದ,
ನನಗೆ ಚುಚ್ಚಬಾರದೆಂದು.

ಬಿಲ್ಲೆ ಜೇಬಿನಲ್ಲೇ ಉಳಿದು ದೇಗಲೂರಿಗೆ ಬಂತು.
ರಂಪಿಯ ಪಕ್ಕದ ಮೊಳೆಗೆ ತೂಗುಹಾಕಿದ್ದೇನೆ.
ಗಿರಾಕಿಗಳು ಕೇಳುತ್ತಾರೆ, ಏನದು ಮಾಣಿಕಣ್ಣ, ತಾಯತವಾ?

ಅಲ್ಲ. ಹೊರಗಿನವರದು, ತಿರುಗಿ ಕೊಡಬೇಕು.
ನಾಂದೇಡಿಯ ಬಸ್ಸು ದಿನಾ ಒಂಬತ್ತೂವರೆಗೆ
ನನ್ನ ಮುಂದೆಯೇ ಹೋಗುತ್ತದೆ.